ಮೈ ತಣ್ಣಗೆ ಮಾಡಬೇಕೇ, ಜ್ವರ ತಡೆದರೆ ಸಾಕೇ? ಐಸಿಯು ಬಾಗಿಲಲ್ಲಿ ನಿಂತವರಿಗೆ

ಡೊಂಬಿವಲಿಯ ನನ್ನ ಮನೆಗೆ ರಾತ್ರಿ ಹನ್ನೊಂದರ ಮೇಲೆ ಫೋನ್ ಬಂದರೆ ಯಾರದೋ ಮನೆಯವರು ಐಸಿಯುವಿನಲ್ಲಿದ್ದಾರೆ ಎಂದೇ ಲೆಕ್ಕ. ಮುಂಬಯಿಯಲ್ಲಿ ಇಪ್ಪತ್ತೇಳು ವರ್ಷ ಸಿಸ್ಟರ್ ಆಗಿ ದುಡಿದು ನಿವೃತ್ತಳಾದರೂ ಕುಮಟೆ, ಹೊನ್ನಾವರದ ಕಡೆಯವರಿಗೆ ನಾನು ಇನ್ನೂ ಡ್ಯೂಟಿಯಲ್ಲೇ ಇದ್ದೇನೆ. ಕಳೆದ ಮಳೆಗಾಲದಲ್ಲಿ ಮಾಟುಂಗಾದಿಂದ ಬಂದ ಕರೆ ಇದು.

"ದೊಡ್ಡಮ್ಮ, ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕುಳಿತಲ್ಲೇ ಕುಸಿದರು. ತರಕಾರಿ ಹಾಕಲು ಬಂದ ಹುಡುಗ ಎದೆ ಒತ್ತಿದ. ಆಂಬುಲೆನ್ಸಿನವರು ಶಾಕ್ ಕೊಟ್ಟ ಮೇಲೆ ಹೃದಯ ಮತ್ತೆ ಹೊಡೆದುಕೊಂಡಿತು. ಆಂಜಿಯೋಪ್ಲಾಸ್ಟಿ ಆಗಿದೆ, ಎಚ್ಚರ ಮಾತ್ರ ಆಗಿಲ್ಲ. ಈ ಆಸ್ಪತ್ರೆಯಲ್ಲಿ ಮೈ ತಣ್ಣಗೆ ಮಾಡುವ ಯಂತ್ರ ಇಲ್ಲವಂತೆ. ಥಾಣೆಯಲ್ಲಿ ಇದೆಯೆಂದು ಗೆಳೆಯ ಹೇಳಿದ. ಈಗಲೇ ಅಲ್ಲಿಗೆ ಒಯ್ಯಲೇ?"

ಒಯ್ಯಬೇಡ ಎಂದೆ. ಅದೇ ಪ್ರಶ್ನೆಯನ್ನು 2010ರಲ್ಲಿ ಕೇಳಿದ್ದರೆ ಬಹುಶಃ ಒಯ್ಯಿ ಎನ್ನುತ್ತಿದ್ದೆ. ನಡುವೆ ಏನು ಬದಲಾಯಿತು, ಮನೆಯವರ ಮುಂದೆ ನಿಜಕ್ಕೂ ಇರುವ ಆಯ್ಕೆಗಳು ಯಾವುವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಚಿಕಿತ್ಸೆ ನಿರ್ಧರಿಸುವವರು ವೈದ್ಯರೇ. ಆದರೆ ಅವರು ಹೇಳುವುದು ಅರ್ಥವಾಗದೆ ಸಹಿ ಹಾಕಿದವರನ್ನೂ, ಅರ್ಥವಾಗದೆ ಜಗಳಕ್ಕೆ ನಿಂತವರನ್ನೂ ಬೇಕಾದಷ್ಟು ನೋಡಿದ್ದೇನೆ.

ತಣ್ಣಗೆ ಮಾಡುವುದೇಕೆ?

ಹೃದಯ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು ಬೀಳಲು ಶುರು. ಹೃದಯ ಮರಳಿದೊಡನೆ ಆ ಪೆಟ್ಟು ನಿಲ್ಲುವುದಿಲ್ಲ. ರಕ್ತ ಮತ್ತೆ ಹರಿದ ಮೇಲೂ ಗಂಟೆಗಟ್ಟಲೆ, ದಿನಗಟ್ಟಲೆ ಒಳಗೆ ಊತ, ಉರಿ ಮುಂದುವರಿಯುತ್ತದೆ. ದೇಹದ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿನ ಆಮ್ಲಜನಕದ ಬೇಡಿಕೆ ಸುಮಾರು ಶೇ 6ರಿಂದ 10ರಷ್ಟು ಇಳಿಯುತ್ತದೆ. ದುಡಿಮೆ ನಿಂತ ಮನೆಯಲ್ಲಿ ಖರ್ಚು ಕಡಿಮೆ ಮಾಡಿದ ಹಾಗೆ.

ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಒಂದು ಕಥೆ ನಿಮಗೂ ಬಂದಿರಬಹುದು. 1999ರಲ್ಲಿ ನಾರ್ವೆಯಲ್ಲಿ ಸ್ಕೀಯಿಂಗ್ ಮಾಡುತ್ತ ಹೆಪ್ಪುಗಟ್ಟಿದ ತೊರೆಗೆ ಬಿದ್ದ ವೈದ್ಯೆಯೊಬ್ಬರ ದೇಹ 13.7 ಡಿಗ್ರಿಗೆ ಇಳಿದಿತ್ತು, ಆದರೂ ಬದುಕಿದರು. ಅದು ನಿಜ. ಆದರೆ ಅವರ ಮೈ ತಣ್ಣಗಾದದ್ದು ಮೊದಲು, ಹೃದಯ ನಿಂತದ್ದು ಆಮೇಲೆ. ಮಾಟುಂಗಾದ ಸೆಕೆಯಲ್ಲಿ ಕುಸಿದವರ ವಿಷಯದಲ್ಲಿ ಕ್ರಮವೇ ತಿರುವುಮುರುವು. ಮೊದಲು ಪೆಟ್ಟು, ಆಮೇಲೆ ತಂಪು. ಆ ಕಥೆಯನ್ನು ಹಿಡಿದುಕೊಂಡು ಡಾಕ್ಟರರ ಮುಂದೆ ಹೋಗಬೇಡಿ.

33, 36, ಇಲ್ಲವೇ ಜ್ವರಕ್ಕೆ ತಡೆ

ಹೃದಯ ಮರಳಿಯೂ ಪ್ರಜ್ಞೆ ಬಾರದೆ ವೆಂಟಿಲೇಟರಿನಲ್ಲಿ ಇರುವ ವಯಸ್ಕರಿಗೆ ಮೂರು ದಾರಿಗಳಿವೆ. ಮೈಯನ್ನು 33 ಡಿಗ್ರಿಗೆ ಇಳಿಸಿ ಒಂದು ದಿನ ಹಿಡಿದಿಡುವುದು ಒಂದು. 36ರಲ್ಲಿ ನಿಲ್ಲಿಸುವುದು ಇನ್ನೊಂದು. ಇಳಿಸುವ ಗೋಜಿಗೇ ಹೋಗದೆ 37.5ರ ಮೇಲೆ ಏರದಂತೆ ಕಾಯುವುದು ಮೂರನೆಯದು. ಮನೆಯ ಥರ್ಮಾಮೀಟರಿನ ಲೆಕ್ಕದಲ್ಲಿ ಇವು ಕ್ರಮವಾಗಿ 91.4, 96.8 ಮತ್ತು 99.5 ಫ್ಯಾರನ್‌ಹೀಟ್.

ಮೊದಲನೆಯ ದಾರಿಗೆ ಮೆರುಗು ಬಂದದ್ದು 2002ರಲ್ಲಿ. ಒಂದೇ ವೈದ್ಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಅಚ್ಚಾದವು. ಯುರೋಪಿನದರಲ್ಲಿ 32ರಿಂದ 34 ಡಿಗ್ರಿಯಲ್ಲಿ 24 ಗಂಟೆ ಇಟ್ಟವರ ಪೈಕಿ ಶೇ 55 ಮಂದಿ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟಕ್ಕೆ ಚೇತರಿಸಿದರು. ಇಡದವರಲ್ಲಿ ಶೇ 39. ಮೆಲ್ಬರ್ನಿನ ಅಧ್ಯಯನ ಚಿಕ್ಕದು, 77 ಮಂದಿ. ಅಲ್ಲಿ ಶೇ 49 ಮತ್ತು 26. ನಮ್ಮ ವಾರ್ಡಿನಲ್ಲಿ ಆಗ ಯುಗ ಬದಲಾದಂತೆ ಮಾತಾಡಿಕೊಂಡೆವು. ಎದೆ ಒತ್ತಿ ಬದುಕಿಸಿದವರನ್ನು ಸುಮ್ಮನೆ ನೋಡುತ್ತ ಕೂರಬೇಕಿಲ್ಲ, ನಮ್ಮ ಕೈಯಲ್ಲೂ ಏನೋ ಇದೆ ಎಂಬ ಹುಮ್ಮಸ್ಸು.

ಒಂದು ವಿಷಯವನ್ನು ಆಗ ನಾವು ಗಮನಿಸಲಿಲ್ಲ. ತಣ್ಣಗಿಡದ ಗುಂಪಿನಲ್ಲಿ ಹಲವರ ಮೈ ಬಿಸಿ ಏರಿತ್ತು. ಹಾಗಾದರೆ ಗೆದ್ದದ್ದು ತಂಪೋ, ಸೋತದ್ದು ಜ್ವರವೋ?

ಉತ್ತರಕ್ಕೆ ಹನ್ನೊಂದು ವರ್ಷ ಬೇಕಾಯಿತು. 2013ರಲ್ಲಿ 939 ರೋಗಿಗಳ ಪ್ರಯೋಗದಲ್ಲಿ 33 ಮತ್ತು 36ನ್ನು ಎದುರುಬದುರು ನಿಲ್ಲಿಸಿದರು, ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಜ್ವರಕ್ಕೆ ಕಾವಲಿತ್ತು ಎಂಬುದನ್ನು ನೆನಪಿಡಿ. 2021ರಲ್ಲಿ ಅದೇ ತಂಡದ ಇನ್ನೂ ದೊಡ್ಡ ಪ್ರಯೋಗದಲ್ಲಿ 1,861 ಮಂದಿಯಲ್ಲಿ ಅರ್ಧದಷ್ಟು ಜನರನ್ನು 33ಕ್ಕೆ ಇಳಿಸಿದರು, ಉಳಿದವರಿಗೆ ಜ್ವರ ಮಾತ್ರ ತಡೆದರು. ಆರು ತಿಂಗಳಲ್ಲಿ ತೀರಿಕೊಂಡವರು 33ರ ಕಡೆ ಶೇ 50, ಜ್ವರ ತಡೆದ ಕಡೆ 48. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ. ತಣ್ಣಗಾದವರಲ್ಲಿ ರಕ್ತದೊತ್ತಡ ಕೆಡಿಸುವಂಥ ಹೃದಯದ ಲಯತಪ್ಪು ಮಾತ್ರ ಹೆಚ್ಚು: ಶೇ 24, ಆ ಕಡೆ 17.

ಇದನ್ನು ಓದಿ "ಹಾಗಾದರೆ ಏನೂ ಮಾಡಬೇಕಿಲ್ಲ" ಎಂದುಕೊಂಡ ಐಸಿಯುಗಳೂ ಇವೆ. ಅದು ತಪ್ಪು ಓದು. ಆ ಪ್ರಯೋಗದಲ್ಲಿ ಜ್ವರ ತಡೆಯುವ ಗುಂಪಿನವರ ಪೈಕಿಯೂ ಅರ್ಧಕ್ಕೆ ಹತ್ತಿರ ಜನರಿಗೆ ತಂಪು ಮಾಡುವ ಸಾಧನ ಹಚ್ಚಲೇಬೇಕಾಯಿತು. ಪೆಟ್ಟು ತಿಂದ ಮೆದುಳು ಬಿಸಿಯ ಹಿಡಿತ ಕಳೆದುಕೊಂಡಿರುತ್ತದೆ. ಬರೀ ಪ್ಯಾರಾಸಿಟಮಾಲ್ ಹಾಕಿ ಕೈ ತೊಳೆದುಕೊಂಡರೆ ಮಧ್ಯರಾತ್ರಿಗೆ 38.6 ಆಗಿರುತ್ತದೆ.

33ರ ಪರ ಇನ್ನೂ ಮಾತಾಡುವವರಿದ್ದಾರೆ, ಅವರ ಕೈಯಲ್ಲೂ ಪುರಾವೆ ಇದೆ. ಶಾಕ್ ಕೊಡಲು ಬಾರದ ಲಯದಲ್ಲಿ ಹೃದಯ ನಿಂತವರ ಬಗ್ಗೆ 2019ರಲ್ಲಿ ಫ್ರಾನ್ಸಿನಿಂದ ಬಂದ ಪ್ರಯೋಗದಲ್ಲಿ, 33ರಲ್ಲಿ ಇಟ್ಟವರ ಪೈಕಿ ಶೇ 10.2 ಮಂದಿ ಚೆನ್ನಾಗಿ ಚೇತರಿಸಿದರು, 37ರಲ್ಲಿ ಶೇ 5.7. ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಜೊತೆಗೆ, 2021ರ ಪ್ರಯೋಗದ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಅಕ್ಕಪಕ್ಕದವರು ಎದೆ ಒತ್ತಿದ್ದರು. ನಮ್ಮ ಲೋಕಲ್ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ಬಿದ್ದವರಿಗೆ ಮೊದಲು ಈರುಳ್ಳಿ ಮೂಸಿಸುತ್ತಾರೆ. ಆ ಫಲಿತಾಂಶ ಇಲ್ಲಿಗೆ ಹಾಗೇ ಹೊಂದುತ್ತದೆಯೇ ಎಂಬುದು ಅವರ ಅನುಮಾನ. ಪುರಾವೆ ಹೀಗೆ ಎರಡೂ ಕಡೆ ಇರುವುದರಿಂದ ಅಮೆರಿಕದ ಹೃದಯ ಸಂಘ 2023ರಲ್ಲೂ ಬಾಗಿಲು ತೆರೆದೇ ಇಟ್ಟಿತು: 32ರಿಂದ 37.5ರೊಳಗೆ ಒಂದು ಅಂಕಿ ಆರಿಸಿ, ಅದನ್ನೇ ಸ್ಥಿರವಾಗಿ ಹಿಡಿಯಿರಿ. ಯುರೋಪಿನವರು 2022ರಲ್ಲಿ ಹೇಳಿದ್ದು 37.7 ದಾಟಬಾರದು, ಕನಿಷ್ಠ 72 ಗಂಟೆ ಕಾಯಿರಿ ಎಂದು.

ನನ್ನ ಲೆಕ್ಕ ಹೀಗೆ. ಶಾಕಿಗೆ ಮರಳಿದ ಹೃದಯವಾಗಿದ್ದು, ರಕ್ತದೊತ್ತಡ ಹೊಯ್ದಾಡುತ್ತಿದ್ದರೆ 33ಕ್ಕೆ ಒತ್ತಾಯಿಸುವುದರಲ್ಲಿ ಅರ್ಥವಿಲ್ಲ. ಆ ಆಸ್ಪತ್ರೆಯವರೇ 33 ಅಥವಾ 36 ಎಂದು ನಿರ್ಧರಿಸಿ, ಅದನ್ನು ಹಿಡಿಯುವ ಅಭ್ಯಾಸ ಅವರಿಗೆ ಇದ್ದರೆ, ತಡೆಯಲೂ ಬೇಡಿ. ಯಾವ ಅಂಕಿ ಎಂಬುದಕ್ಕಿಂತ, ಆ ಅಂಕಿ ರಾತ್ರಿ ಮೂರು ಗಂಟೆಗೂ ಅಲ್ಲೇ ಇದೆಯೇ ಎಂದು ನೋಡುವವರು ಯಾರು ಎಂಬುದೇ ನನಗೆ ಮುಖ್ಯ.

ಐಸ್ ಚೀಲದಿಂದ ಯಂತ್ರದವರೆಗೆ

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಾನಿದ್ದ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಆರಂಭದ ದಿನಗಳಲ್ಲಿ ಯಂತ್ರವೆಂದರೆ ಬಕೆಟ್ಟು. ಮಾಮಾ, ಅಂದರೆ ವಾರ್ಡ್ ಬಾಯ್, ಕೆಳಗಿನ ರಸದ ಅಂಗಡಿಯಿಂದ ಐಸ್ ತರುತ್ತಿದ್ದ, ಮಾವಶಿ, ಅಂದರೆ ಆಯಾ, ಅದನ್ನು ಒಡೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದಳು, ನಾವು ಬಟ್ಟೆ ಸುತ್ತಿ ಕುತ್ತಿಗೆಯ ಪಕ್ಕ, ಕಂಕುಳು, ತೊಡೆಸಂದಿಗೆ ಇಡುತ್ತಿದ್ದೆವು. ದೊಡ್ಡ ರಕ್ತನಾಳಗಳು ಚರ್ಮದ ಹತ್ತಿರ ಹಾಯುವ ಜಾಗ ಅವು. ಐಸ್ ಬಲು ಬೇಗ ಕೆಲಸ ಮಾಡುತ್ತದೆ. ನಿಲ್ಲುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಒಂದು ರಾತ್ರಿ ಆರು ಹಾಸಿಗೆಗೆ ಇಬ್ಬರೇ ಇದ್ದೆವು. ಪಕ್ಕದ ಹಾಸಿಗೆಯವರಿಗೆ ಉಸಿರಿನ ನಳಿಕೆ ಹಾಕುವ ಗಡಿಬಿಡಿ ಮುಗಿಸಿ ತಿರುಗಿ ನೋಡಿದರೆ ನಮ್ಮ ರೋಗಿ 31.4. ನಾಡಿ ನಿಮಿಷಕ್ಕೆ 38. ಚೀಲಗಳನ್ನು ತೆಗೆದು ಎಸೆದೆವು, ಆದರೂ ಇಳಿತ ಇನ್ನೂ ಸ್ವಲ್ಪ ಹೊತ್ತು ಮುಂದುವರಿಯಿತು. ಆ ಮನುಷ್ಯ ಬದುಕಿದ. ನನ್ನ ಮೊಣಕಾಲಿನ ನಡುಕ ನಿಲ್ಲಲು ಬೆಳಗಾಗಬೇಕಾಯಿತು.

ಯಂತ್ರಗಳಲ್ಲಿ ಮೂರು ಬಗೆ. ತಣ್ಣೀರು ಹರಿಯುವ ಹಾಸು-ಹೊದಿಕೆ, ಎದೆ-ತೊಡೆಗೆ ಅಂಟಿಸುವ ಜೆಲ್ ಪ್ಯಾಡ್, ತೊಡೆಯ ದೊಡ್ಡ ಅಭಿಧಮನಿಗೆ ಹಾಕುವ ತಂಪಿನ ಕ್ಯಾಥೆಟರ್. ಹೊದಿಕೆಯನ್ನು ತೊಳೆದು ಮತ್ತೆ ಬಳಸಬಹುದು, ಮೈಗೆ ಸರಿಯಾಗಿ ಅಂಟುವುದಿಲ್ಲ, ಬಿಸಿ ಏರಿಳಿಯುತ್ತದೆ. ಪ್ಯಾಡ್ ಮತ್ತು ಕ್ಯಾಥೆಟರ್ ದೇಹದೊಳಗಿನ ಉಷ್ಣಾಂಶವನ್ನು ತಾವೇ ಓದಿಕೊಂಡು ನೀರಿನ ತಂಪನ್ನು ಸರಿಪಡಿಸುತ್ತವೆ, ಆದ್ದರಿಂದ ಅಂಕಿ ಗಟ್ಟಿಯಾಗಿ ನಿಲ್ಲುತ್ತದೆ. ಪ್ಯಾಡ್ ಒಬ್ಬರಿಗೆ ಒಂದೇ ಸಲ. ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತದೆಯೇ, ವಿಮೆ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕ್ಯಾಥೆಟರಿನಿಂದ ರಕ್ತ ಹೆಪ್ಪುಗಟ್ಟುವ, ಸೋಂಕಾಗುವ ಭಯವಿದೆ. ಜ್ವರ ತಡೆಯುವುದಷ್ಟೇ ಗುರಿಯಾದರೆ ಒಳ್ಳೆಯ ಹೊದಿಕೆ, ಔಷಧ ಮತ್ತು ಎಚ್ಚರದ ಸಿಸ್ಟರ್ ಬಹಳ ಮಟ್ಟಿಗೆ ಸಾಲುತ್ತಾರೆ. ಆಂಬುಲೆನ್ಸಿನಲ್ಲೇ ತಣ್ಣನೆಯ ಸಲೈನ್ ಏರಿಸುವುದನ್ನೂ ಅಮೆರಿಕದ ಸಿಯಾಟಲ್‌ನಲ್ಲಿ ಪರೀಕ್ಷಿಸಿ ನೋಡಿದರು. ಲಾಭ ಕಾಣಲಿಲ್ಲ, ದಾರಿಯಲ್ಲಿ ಹೃದಯ ಮತ್ತೆ ನಿಂತವರು ಹೆಚ್ಚಾದರು. ಅದನ್ನು ಕೇಳಲೇಬೇಡಿ.

ಅಳೆಯುವುದು ಎಲ್ಲಿ ಎಂಬುದನ್ನೂ ನೋಡಿ. ಕಂಕುಳಿನ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅನ್ನನಾಳ ಅಥವಾ ಮೂತ್ರಕೋಶದೊಳಗಿನ ಪ್ರೋಬ್ ಇದ್ದರೆ ಮಾನಿಟರಿನಲ್ಲಿ ಅಂಕಿ ಸದಾ ಕಾಣುತ್ತಿರುತ್ತದೆ.

ಇನ್ನು ನಡುಕ. ತಂಪು ಮಾಡುವ ವಿದ್ಯೆಯ ಅರ್ಧ ಭಾಗ ಇದೇ. ದೇಹಕ್ಕೆ ಚಳಿಯಾದರೆ ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ, ಉಳಿಸಿದ ಆಮ್ಲಜನಕವನ್ನೆಲ್ಲ ಅವೇ ತಿಂದುಹಾಕುತ್ತವೆ. ಕಣ್ಣಿಗೆ ಕಾಣುವ ಮೊದಲೇ ಅದು ಕೈಗೆ ಸಿಗುತ್ತದೆ: ದವಡೆಯ ಮೂಲೆ, ಕುತ್ತಿಗೆ, ಎದೆಯ ಮೇಲೆ ಅಂಗೈ ಇಟ್ಟರೆ ಬೆಕ್ಕಿನ ಗುರುಗುರುವಿನಂಥ ಸಣ್ಣ ಕಂಪನ. ಆಗ ಔಷಧ ಏರಿಸುತ್ತಾರೆ, ಜೊತೆಗೆ ಅಂಗೈ, ಪಾದಗಳನ್ನು ಬೆಚ್ಚಗೆ ಸುತ್ತುತ್ತಾರೆ. ಒಂದು ಕಡೆ ತಂಪು, ಇನ್ನೊಂದು ಕಡೆ ಕಾಲುಚೀಲ ನೋಡಿ "ಇದೆಂಥ ಹುಚ್ಚಾಟ" ಎಂದ ಮಾವನವರೊಬ್ಬರು ನೆನಪಾಗುತ್ತಾರೆ. ಚರ್ಮ ಬೆಚ್ಚಗಿದ್ದರೆ ಮೆದುಳಿಗೆ ಚಳಿಯ ದೂರು ಕಡಿಮೆ ಹೋಗುತ್ತದೆ, ಅಷ್ಟೇ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಒಳಗೆ ಬಿಟ್ಟ ಐದು ನಿಮಿಷದಲ್ಲಿ "ಕೈ ತಣ್ಣಗಿದೆ" ಎಂದು ಮನೆಯಿಂದ ತಂದ ಕಂಬಳಿಯನ್ನು ಪೂರ್ತಿ ಹೊದಿಸಿಬಿಡುವುದು. ಕೇಳದೆ ಹೊದಿಸಬೇಡಿ. ತಾನಾಗಿಯೇ 35ಕ್ಕೆ ಇಳಿದವರನ್ನು ಕೂಡ ಅವಸರದಲ್ಲಿ ಬಿಸಿ ಮಾಡಬಾರದು. ಇಳಿಸಿದ ಮೈಯನ್ನು ಏರಿಸುವುದು ಗಂಟೆಗೆ ಕಾಲು ಅಥವಾ ಅರ್ಧ ಡಿಗ್ರಿಯಂತೆ. ಬೇಗ ಏರಿಸಿದರೆ ಪೊಟ್ಯಾಶಿಯಂ ಏರುತ್ತದೆ, ಒತ್ತಡ ಬೀಳುತ್ತದೆ, ಹಿಂದೆಯೇ ಜ್ವರ.

ಆಸ್ಪತ್ರೆ ಬದಲಿಸಬೇಕಾದದ್ದು ಯಾವಾಗ?

ತಂಪಿನ ಯಂತ್ರಕ್ಕಾಗಿ ಬೇಡ. ವೆಂಟಿಲೇಟರಿನ ರೋಗಿಯನ್ನು ಮಳೆಗಾಲದ ರಾತ್ರಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಥಾಣೆಗೆ ಒಯ್ಯುವುದೆಂದರೆ ನಳಿಕೆ ಸರಿಯುವ, ಒತ್ತಡ ಬೀಳುವ, ಆಮ್ಲಜನಕ ಮುಗಿಯುವ ಅಪಾಯವನ್ನೂ ಜೊತೆಗೆ ಒಯ್ಯುವುದು. ಹೃದಯದ ರಕ್ತನಾಳ ಮುಚ್ಚಿದ್ದು ಅಲ್ಲಿ ಆಂಜಿಯೋಪ್ಲಾಸ್ಟಿ ಆಗದಿದ್ದರೆ, ವೆಂಟಿಲೇಟರ್ ಇಲ್ಲದಿದ್ದರೆ, ರಾತ್ರಿ ಐಸಿಯು ವೈದ್ಯರೇ ಇಲ್ಲದಿದ್ದರೆ ಬದಲಿಸುವುದಕ್ಕೆ ಅರ್ಥವಿದೆ. ನಮ್ಮವರಿಗೆ ಪಾಲಿಕೆಯ ಆಸ್ಪತ್ರೆ ಎಂದರೆ ಮೂಗು ಮುರಿಯುವ ಚಾಳಿ. ಕೆಇಎಂ, ಸಾಯನ್, ನಾಯರ್ ಮೂರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ರಾತ್ರಿಯೂ ಅಲ್ಲಿ ರೆಸಿಡೆಂಟ್ ವೈದ್ಯರು ಇರುತ್ತಾರೆ. ಹಾಸಿಗೆ ಸಿಗುವುದು ಕಷ್ಟ, ಒಬ್ಬ ಸಿಸ್ಟರಿಗೆ ಹಲವು ರೋಗಿಗಳು, ಅದೂ ನಿಜ. ಖಾಸಗಿಯಲ್ಲಿ ಯಂತ್ರ ಹೊಳೆಯುತ್ತಿರಬಹುದು. ಒಬ್ಬ ಸಿಸ್ಟರಿಗೆ ಎಷ್ಟು ಹಾಸಿಗೆ ಎಂದು ಅಲ್ಲೂ ಕೇಳಿ.

ಮಗುವಿಗೆ, ತಲೆಗೆ ಪೆಟ್ಟಾದವರಿಗೆ ಲೆಕ್ಕ ಬೇರೆ

ಹುಟ್ಟುವಾಗ ಉಸಿರುಕಟ್ಟಿದ ಶಿಶುವನ್ನು ಆರು ಗಂಟೆಯೊಳಗೆ ಆರಂಭಿಸಿ 72 ಗಂಟೆ 33.5ರಲ್ಲಿ ಇಡುವುದು ಶ್ರೀಮಂತ ದೇಶಗಳಲ್ಲಿ ರೂಢಿಯ ಚಿಕಿತ್ಸೆ, ಅಲ್ಲಿ ಅದು ಜೀವವನ್ನೂ ಮೆದುಳನ್ನೂ ಉಳಿಸಿದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ಏಳು ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಬಂತು. ಹೀಲಿಕ್ಸ್ ಎಂದು ಅದರ ಹೆಸರು. ನಮ್ಮ ಸಾಯನ್ ಆಸ್ಪತ್ರೆಯೂ ಬೆಂಗಳೂರಿನ ಆಸ್ಪತ್ರೆಗಳೂ ಅದರಲ್ಲಿದ್ದವು. ತಣ್ಣಗಿಟ್ಟ ಶಿಶುಗಳಲ್ಲಿ ಶೇ 42 ತೀರಿಕೊಂಡವು, ಇಡದವುಗಳಲ್ಲಿ ಶೇ 31. ಅಂಕಿ ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ. ಲಂಡನ್ನಿನಲ್ಲಿರುವ ಮಗಳು "ಇಲ್ಲಿ ಮಾಡುತ್ತಾರಲ್ಲ, ಅಲ್ಲೇಕೆ ಮಾಡುವುದಿಲ್ಲ?" ಎಂದು ಫೋನಿನಲ್ಲಿ ಕೂಗಾಡಿದರೆ ಉತ್ತರ ಇದೇ. ನವಜಾತ ಶಿಶುತಜ್ಞರು ಬೇಡ ಎಂದರೆ ಅದು ಅಸಡ್ಡೆಯಲ್ಲ. ಮಾಡೋಣ ಎಂದರೆ ಯಾಕೆ, ಯಾವ ಸೌಕರ್ಯದ ಬಲದ ಮೇಲೆ ಎಂದು ಕೇಳಬಹುದು.

ತಲೆಗೆ ಪೆಟ್ಟಾದವರಲ್ಲಿ 2015ರ ಯುರೋಪಿನ ಪ್ರಯೋಗ ಹಾನಿಯ ಸೂಚನೆ ಕಂಡು ನಡುವೆಯೇ ನಿಂತಿತು. 2018ರದು ಲಾಭ ತೋರಿಸಲಿಲ್ಲ. ಮೆದುಳುಪೊರೆಯ ಸೋಂಕಿನಲ್ಲೂ 2013ರ ಪ್ರಯೋಗ ಹಾನಿಯ ಸೂಚನೆ ಕಂಡೇ ನಿಂತಿತು. ಅಲ್ಲಿ ತಂಪು ಕೇಳುವ ಪ್ರಶ್ನೆಯೇ ಇಲ್ಲ.

ಐಸಿಯು ಚಿಕಿತ್ಸೆಗಳಲ್ಲಿ ಈ ಏರಿಳಿತ ಹೊಸದಲ್ಲ. ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಯಾಗಿ ಹಿಡಿಯಬೇಕೆಂದು ಗಂಟೆಗೊಮ್ಮೆ ಬೆರಳು ಚುಚ್ಚುತ್ತಿದ್ದ ಕಾಲವಿತ್ತು. 2009ರಲ್ಲಿ ಆರು ಸಾವಿರ ರೋಗಿಗಳ ಅಧ್ಯಯನ ಬಂದು ಹಾಗೆ ಬಿಗಿ ಹಿಡಿದವರಲ್ಲೇ ಸಾವು ಹೆಚ್ಚು ಎಂದಿತು: ಶೇ 27.5, ಸಡಿಲ ಬಿಟ್ಟವರಲ್ಲಿ 24.9. ಬೆರಳು ಚುಚ್ಚಿಸಿಕೊಂಡವರ ಮುಖಗಳು ನನಗೆ ಈಗಲೂ ನೆನಪಿವೆ. ಇನ್ನೊಂದು ಕಡೆ, ಶ್ವಾಸಕೋಶ ತೀವ್ರವಾಗಿ ಕೆಟ್ಟವರನ್ನು ದಿನಕ್ಕೆ ಹದಿನಾರು ಗಂಟೆ ಬೋರಲು ಮಲಗಿಸಿದರೆ 28 ದಿನದ ಸಾವು ಶೇ 32.8ರಿಂದ 16ಕ್ಕೆ ಇಳಿಯಿತೆಂದು 2013ರಲ್ಲಿ ಫ್ರಾನ್ಸಿನವರು ತೋರಿಸಿದರು. ಅದಕ್ಕೆ ಬೇಕಾದದ್ದು ನಾಲ್ಕೈದು ಜೊತೆ ಕೈ ಮತ್ತು ದಿಂಬುಗಳು. ಕೋವಿಡ್ ಕಾಲದಲ್ಲಿ ಮುಂಬಯಿಯ ಎಷ್ಟು ಮಾಮಾ, ಮಾವಶಿಯರ ಸೊಂಟ ಆ ಕೆಲಸದಲ್ಲಿ ಹೋಯಿತೋ ಲೆಕ್ಕವಿಟ್ಟವರಿಲ್ಲ.

ಕಾಯುವುದೇ, ಬಿಡುವುದೇ?

ಮನೆಯವರನ್ನು ಹೆಚ್ಚು ಹಿಂಡುವ ಆಯ್ಕೆ ಡಿಗ್ರಿಯದಲ್ಲ, ಇದು. ಎರಡನೆಯ ದಿನವೇ ಯಾರೋ "ಮೆದುಳು ಹೋಗಿದೆ" ಎನ್ನುತ್ತಾರೆ. ಹೃದಯ ಮರಳಿದ 72 ಗಂಟೆಗಿಂತ ಮೊದಲು ಅಂಥ ತೀರ್ಮಾನಕ್ಕೆ ಬರಬಾರದು ಎಂಬುದು ಒಪ್ಪಿತ ನಿಯಮ. ತಣ್ಣಗಿಟ್ಟವರಲ್ಲಿ ಇನ್ನೂ ತಡ, ಏಕೆಂದರೆ ತಂಪಿನಲ್ಲಿ ನಿದ್ದೆಯ ಔಷಧ ಮೈಯಿಂದ ನಿಧಾನವಾಗಿ ಇಳಿಯುತ್ತದೆ. ಎಚ್ಚರವಾಗದಿರುವುದಕ್ಕೆ ಮದ್ದೇ ಕಾರಣವಿರಬಹುದು. ಕಣ್ಣಿನ ಪಾಪೆಯ ಪ್ರತಿಕ್ರಿಯೆ, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ, ಸ್ಕ್ಯಾನ್, ರಕ್ತಪರೀಕ್ಷೆ ಹೀಗೆ ಹಲವು ಕಡೆಯಿಂದ ಒಂದೇ ಉತ್ತರ ಬಂದಾಗ ಮಾತ್ರ ನಂಬಬೇಕು. ಒಂದೇ ಸ್ಕ್ಯಾನ್ ತೋರಿಸಿ ಕೈ ಬಿಡಲು ಹೇಳಿದರೆ ಉಳಿದವು ಆದವೇ ಎಂದು ವಿಚಾರಿಸಿ. ಮಿದುಳು ನಿಷ್ಕ್ರಿಯಗೊಂಡು ಸಾವು ಘೋಷಿಸುವುದು ಬೇರೆ, ಕೋಮಾ ಬೇರೆ; ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರ ಮಾತಿಗೆ ಸಹಿ ಹಾಕಬೇಡಿ.

ಕಾಯುವುದಕ್ಕೂ ಒಂದು ಕೊನೆ ಇದೆ ಎಂಬುದು ಮುಂಬಯಿಯ ಸಿಸ್ಟರುಗಳಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ನಮ್ಮ ಹಳದೀಪುರದ ಸಿಸ್ಟರ್ ಅರುಣಾ ಶಾನಭಾಗ 1973ರಲ್ಲಿ ಕೆಇಎಂನಲ್ಲಿ ಹಲ್ಲೆಗೊಳಗಾಗಿ, ಮೆದುಳಿಗೆ ರಕ್ತ ತಪ್ಪಿ, 2015ರವರೆಗೆ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಸಹೋದ್ಯೋಗಿಗಳ ಆರೈಕೆಯಲ್ಲಿ ಉಳಿದರು. ಅವರ ಪ್ರಕರಣದಲ್ಲಿ, ಚೇತರಿಕೆಯ ಆಸೆ ಇಲ್ಲದವರ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2011ರಲ್ಲಿ ಆಡಿದ ಮಾತೇ 2018ರ ತೀರ್ಪಿಗೆ ದಾರಿಯಾಯಿತು. ಈಗ ಆರೋಗ್ಯವಾಗಿರುವಾಗಲೇ ತನಗೆ ಎಂಥ ಚಿಕಿತ್ಸೆ ಬೇಡ ಎಂದು ಬರೆದಿಡಬಹುದು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದರು. ನಾನು ನನ್ನದನ್ನು ಬರೆದು ನೋಟರಿ ಮಾಡಿಸಿ ಅಕ್ಕಿ ಡಬ್ಬದ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಸೊಸೆಗೆ ಗೊತ್ತಿದೆ.

ಆ ರಾತ್ರಿ ಹುಡುಗನಿಗೆ ಹೇಳಿದ್ದು ಇಷ್ಟು: "ಗುರಿಯ ಅಂಕಿ ಯಾವುದು, ಎಷ್ಟು ಗಂಟೆ, ಎಲ್ಲಿ ಅಳೆಯುತ್ತಾರೆ, ನಡುಕಕ್ಕೆ ಏನು ಕೊಡುತ್ತಾರೆ, ಎಚ್ಚರದ ಪರೀಕ್ಷೆ ಯಾವ ದಿನ, ಈ ಐದು ಕೇಳಿ ಬರೆದುಕೋ. ಕೂಗಾಡಬೇಡ." ಬೆಳಿಗ್ಗೆ ಆರಕ್ಕೆ ಹೋಟೆಲಿನ ಬಿಲ್ಲಿನ ಹಿಂಬದಿಯ ಫೋಟೋ ಬಂತು. 37.1, 37.3, 37.2, 37.4, ಗಂಟೆಗೊಂದರಂತೆ. ಐದನೆಯ ದಿನ ಅವರು ಕಣ್ಣು ಬಿಟ್ಟರು, ಎರಡು ವಾರಕ್ಕೆ ಮನೆಗೆ ಬಂದರು. ಹೀಗೆ ಮರಳಿದವರಲ್ಲಿ ಮರೆವು, ಸುಸ್ತು, ಬೇಗ ರೇಗುವುದು ಸಾಮಾನ್ಯ. ಬಿಡುಗಡೆಯ ಚೀಟಿಯಲ್ಲಿ ಬಹಳ ಸಲ ಅದರ ಮಾತೇ ಇರುವುದಿಲ್ಲ, ನೀವೇ ಕೇಳಿ ನೆನಪು ಮತ್ತು ಗಮನದ ಪರೀಕ್ಷೆಗೆ ದಿನ ಹಾಕಿಸಿಕೊಳ್ಳಿ. ಈಗ ಗಲ್ಲಾದಲ್ಲಿ ಮಗ ಕೂರುತ್ತಾನೆ, ಅಪ್ಪ ಪಕ್ಕದ ಕುರ್ಚಿಯಲ್ಲಿ. ಗಿರಾಕಿಗಳ ಮುಖ ಎಲ್ಲ ನೆನಪಿದೆ, ಐನೂರರ ನೋಟಿಗೆ ಚಿಲ್ಲರೆ ಕೊಡುವಾಗ ಮಾತ್ರ ಇನ್ನೂ ತಡವರಿಸುತ್ತಾರೆ.